ಲೈಬ್ರರಿಯ ಮೆಮೊರಿ ಟೆಸ್ಟ್‌ಗೆ ಯಾವ ದಾರಿ: ಸ್ವಂತ ಅಲೊಕೇಟರ್, ಸ್ಯಾನಿಟೈಸರ್, ವ್ಯಾಲ್‌ಗ್ರಿಂಡ್

ಲೈಬ್ರರಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. "ನಮ್ಮ ಯುನಿಟ್ ಟೆಸ್ಟ್‌ಗಳೆಲ್ಲ ಪಾಸ್ ಆಗ್ತಿವೆ. ಆದರೂ ಬಳಸುವವರು ಮೆಮೊರಿ ಏರುತ್ತಲೇ ಇದೆ ಅಂತಾರೆ. ವ್ಯಾಲ್‌ಗ್ರಿಂಡ್ ಹಾಕೋಣ್ವಾ, ಅಡ್ರೆಸ್ ಸ್ಯಾನಿಟೈಸರ್ ಹಾಕೋಣ್ವಾ, ಇಲ್ಲ ಮ್ಯಾಲಕ್ ಸುತ್ತ ನಾವೇ ಏನಾದರೂ ಬರೆಯೋಣ್ವಾ?" ಮ್ಯಾಲಕ್ ಅಂದರೆ ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಫಂಕ್ಷನ್, ಅದನ್ನು ವಾಪಸ್ ಕೊಡುವುದು ಫ್ರೀ. ಹೀಗೆ ಮೆಮೊರಿ ಹಂಚುವ ಕೋಡ್‌ಗೆ ಅಲೊಕೇಟರ್ ಅಂತಾರೆ. ವ್ಯಾಲ್‌ಗ್ರಿಂಡ್ ಮತ್ತು ಅಡ್ರೆಸ್ ಸ್ಯಾನಿಟೈಸರ್ ಓಡುತ್ತಿರುವ ಪ್ರೋಗ್ರಾಮ್‌ನ ಮೆಮೊರಿ ತಪ್ಪು ಹಿಡಿಯುವ ಸಾಧನಗಳು. ಈ ಮೂರು ದಾರಿಗಳೂ ಒಳ್ಳೆಯವೇ. ಆದರೆ ಮೂರೂ ಮಾಡುವ ಕೆಲಸ ಒಂದೇ ಅಲ್ಲ. ಒಂದು ಹಿಡಿಯುವ ತಪ್ಪು ಇನ್ನೊಂದಕ್ಕೆ ಕಾಣುವುದೇ ಇಲ್ಲ. ಅದಕ್ಕೇ ಯಾವ ಸಾಧನ ಅನ್ನುವುದಕ್ಕಿಂತ ಮುಂಚೆ, ನಿಮ್ಮ ಲೈಬ್ರರಿಗೆ ಯಾವ ತಪ್ಪು ದುಬಾರಿ ಅಂತ ಗೊತ್ತಾಗಬೇಕು.

ಮಾಮೂಲಿ ಯುನಿಟ್ ಟೆಸ್ಟ್ ಉತ್ತರ ಸರಿ ಇದೆಯೇ ಅಂತ ನೋಡುತ್ತದೆ. ಮೆಮೊರಿಯ ತಪ್ಪು ಎಷ್ಟೋ ಸಲ ಉತ್ತರವನ್ನು ಬದಲಿಸುವುದೇ ಇಲ್ಲ. ಫಂಕ್ಷನ್ ಸರಿಯಾದ ಉತ್ತರ ಕೊಟ್ಟು, ಹಿಂದೆ 32 ಬೈಟ್ ಬಿಟ್ಟು ಹೋಗಿರುತ್ತದೆ. ಚಿಕ್ಕ ಕಮಾಂಡ್ ಲೈನ್ ಪ್ರೋಗ್ರಾಮ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕಂದ್ರೆ ಪ್ರೋಗ್ರಾಮ್ ಮುಗಿದಾಗ ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಲೈಬ್ರರಿಯ ಕಥೆ ಬೇರೆ. ಅದು ಬೇರೆಯವರ ಸರ್ವರ್ ಒಳಗೆ ತಿಂಗಳುಗಟ್ಟಲೆ ಓಡುತ್ತಿರುತ್ತದೆ. ಅದೇ 32 ಬೈಟ್ 10 ಲಕ್ಷ ಕರೆಗಳಲ್ಲಿ 3 ಕೋಟಿ 20 ಲಕ್ಷ ಬೈಟ್ ಆಗುತ್ತದೆ. ಅಂದರೆ ಸುಮಾರು 32 ಎಂಬಿ. ಆಗ ಕಷ್ಟಪಡುವವರು ನೀವಲ್ಲ, ನಿಮ್ಮನ್ನು ನಂಬಿದವರು.

ಇಲ್ಲಿ ಮುಖ್ಯವಾಗಿ ಸಿ ಮತ್ತು ಸಿ ಪ್ಲಸ್ ಪ್ಲಸ್ ಲೈಬ್ರರಿಗಳ ಮಾತು. ಬೇರೆ ಭಾಷೆಗಳ ಬಗ್ಗೆ ಕೊನೆಯ ಹತ್ತಿರ ಸ್ವಲ್ಪ ಇದೆ.

ಯಾವ ಅಳತೆಯಲ್ಲಿ ನೋಡಬೇಕು

ಮೊದಲನೆಯದು, ಯಾವ ಬಗೆಯ ತಪ್ಪು ಅನ್ನುವುದು. ಫ್ರೀ ಮಾಡದೆ ಬಿಟ್ಟದ್ದು ಲೀಕ್. ಫ್ರೀ ಮಾಡಿದ ಮೇಲೂ ಬಳಸುವುದು ಇನ್ನೊಂದು. ಒಂದೇ ಪಾಯಿಂಟರನ್ನು (ಮೆಮೊರಿ ವಿಳಾಸ) ಎರಡು ಸಲ ಫ್ರೀ ಮಾಡುವುದು, ಬಫರ್‌ನ ಅಂಚು ದಾಟಿ ಓದುವುದು ಅಥವಾ ಬರೆಯುವುದು, ಬೆಲೆ (ವ್ಯಾಲ್ಯೂ) ತುಂಬದ ಮೆಮೊರಿಯನ್ನು ಓದುವುದು, ಇವೆಲ್ಲ ಬೇರೆ ಬೇರೆ. ಇವುಗಳ ಜೊತೆ ಎಲ್ಲರೂ ಮರೆಯುವ ಒಂದಿದೆ: ಮ್ಯಾಲಕ್ ಸೋತು ನಲ್ (ಖಾಲಿ ಪಾಯಿಂಟರ್) ಕೊಟ್ಟಾಗ ಲೈಬ್ರರಿ ಏನು ಮಾಡುತ್ತದೆ? ಈ ಕೊನೆಯದನ್ನು ಬೇರೆಯಾಗಿಯೇ ತೂಗಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು ವೇಗ. ಪ್ರತಿ ಕಮಿಟ್‌ಗೂ ಓಡಿಸಬೇಕಾದ ಟೆಸ್ಟ್‌ಗೆ ಅರ್ಧ ಗಂಟೆ ಬೇಕಾದರೆ ಜನ ಅದನ್ನು ನಿಧಾನವಾಗಿ ಆಫ್ ಮಾಡಿಬಿಡುತ್ತಾರೆ. ಇಲ್ಲಿ ಹೇಳುವ ಸಾಧನಗಳಲ್ಲಿ ಬಹುತೇಕ ಎಲ್ಲವೂ ಪುಕ್ಕಟೆ. ಹಾಗಾಗಿ ನಿಜವಾದ ಖರ್ಚು ಸಿಐ ಯಂತ್ರದ (ಕಮಿಟ್ ಆದಾಗ ತಾನಾಗಿಯೇ ಟೆಸ್ಟ್ ಓಡಿಸುವ ಯಂತ್ರ) ಸಮಯ ಮತ್ತು ಟೆಸ್ಟ್ ಬರೆಯುವವರ ಸಮಯ. ನಿಮ್ಮ ಬಜೆಟ್ ಅನ್ನು ಈ ಎರಡರಲ್ಲೇ ಲೆಕ್ಕ ಹಾಕಿ.

ಮೂರನೆಯದು, ಎಲ್ಲ ಕೋಡನ್ನೂ ಮತ್ತೆ ಕಂಪೈಲ್ ಮಾಡಲು ಆಗುತ್ತದೆಯೇ ಅನ್ನುವುದು. ಕೆಲವು ಸಾಧನಗಳಿಗೆ ಸೋರ್ಸ್ ಬೇಕೇ ಬೇಕು. ನೀವು ಅವಲಂಬಿಸಿದ ಲೈಬ್ರರಿ ಬರೀ ಬೈನರಿಯಾಗಿ ಬಂದಿದ್ದರೆ ಆಯ್ಕೆ ಅಲ್ಲೇ ಕಡಿಮೆಯಾಗುತ್ತದೆ.

ಇನ್ನು ಪ್ಲಾಟ್‌ಫಾರ್ಮ್ ಯಾವುದು, ತಪ್ಪು ಸಿಕ್ಕಾಗ ಯಾವ ಟೆಸ್ಟ್‌ನಲ್ಲಿ ಸಿಕ್ಕಿತು ಅಂತ ಗೊತ್ತಾಗುತ್ತದೆಯೇ, ಮತ್ತು ನೀವೇ ಎಷ್ಟು ಕೋಡ್ ಬರೆದು ನೋಡಿಕೊಳ್ಳಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ದಾರಿಯನ್ನು ಈಗಲೇ ಪಕ್ಕಕ್ಕಿಡೋಣ. ಫಂಕ್ಷನನ್ನು ಲಕ್ಷ ಸಲ ಕರೆದು, ಪ್ರೋಸೆಸ್ ಬಳಸುತ್ತಿರುವ ಒಟ್ಟು ಮೆಮೊರಿ ಏರಿತೇ ಅಂತ ನೋಡುವ ಟೆಸ್ಟ್ ತುಂಬ ಕಡೆ ಇದೆ. ಅದನ್ನು ನೆಚ್ಚಿಕೊಳ್ಳಬೇಡಿ. ಫ್ರೀ ಮಾಡಿದ್ದನ್ನು ಅಲೊಕೇಟರ್ ತಕ್ಷಣ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಕೊಡುವುದಿಲ್ಲ, ಮತ್ತೆ ಬೇಕಾಗಬಹುದು ಅಂತ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಚೂರುಚೂರಾಗಿ ಹಂಚಿಹೋದ ಖಾಲಿ ಜಾಗವೂ ಇರುತ್ತದೆ. ಲೀಕ್ ಇಲ್ಲದಿದ್ದರೂ ಟೆಸ್ಟ್ ಒಮ್ಮೊಮ್ಮೆ ಫೇಲ್ ಆಗುತ್ತದೆ. ಆಮೇಲೆ ಯಾರೋ ಮಿತಿಯನ್ನು ಮೇಲೇರಿಸುತ್ತಾರೆ, ಆಗ ನಿಜವಾದ ಲೀಕ್ ಕೂಡ ಆ ಮಿತಿಯೊಳಗೆ ಅಡಗಿಕೊಳ್ಳುತ್ತದೆ.

ನಿಮ್ಮದೇ ಲೆಕ್ಕ ಇಡುವ ಅಲೊಕೇಟರ್

ಲೈಬ್ರರಿ ಬರೆಯುವವರಿಗೆ ನಾನು ಮೊದಲು ತೋರಿಸುವ ದಾರಿ ಇದೇ. ಲೈಬ್ರರಿಯ ಒಳಗೆ ಎಲ್ಲೂ ಮ್ಯಾಲಕ್ ಅನ್ನು ನೇರವಾಗಿ ಕರೆಯದೆ, ಬಳಸುವವರು ಕೊಟ್ಟ ಫಂಕ್ಷನ್ ಪಾಯಿಂಟರ್ ಮೂಲಕ ಕರೆಯುವುದು. ಇದು ಹೊಸ ಯೋಚನೆ ಅಲ್ಲ. ಲುವಾ ಭಾಷೆ ತನ್ನ ಸ್ಟೇಟ್ ಕಟ್ಟುವಾಗಲೇ ಅಲೊಕೇಟರ್ ಕೇಳುತ್ತದೆ. ಡೇಟಾ ಕುಗ್ಗಿಸುವ ಜೀಲಿಬ್ ತನ್ನ ಸ್ಟ್ರೀಮ್ ಸ್ಟ್ರಕ್ಟ್‌ನಲ್ಲಿ ಅದಕ್ಕೆ ಜಾಗ ಇಟ್ಟಿದೆ. ಎಕ್ಸ್‌ಎಂಎಲ್ ಓದುವ ಎಕ್ಸ್‌ಪ್ಯಾಟ್ ಮತ್ತು ಡೇಟಾಬೇಸ್ ಲೈಬ್ರರಿ ಎಸ್‌ಕ್ಯೂಲೈಟ್‌ನಲ್ಲೂ ಇದಕ್ಕೆ ದಾರಿ ಇದೆ. ಸಿ ಪ್ಲಸ್ ಪ್ಲಸ್ 17ರಲ್ಲಿ ಬಂದ ಪಿಎಂಆರ್ ಮೆಮೊರಿ ರಿಸೋರ್ಸ್ ಕೂಡ ಇದೇ ಕೆಲಸಕ್ಕೆ ಬರುತ್ತದೆ.

ಹೀಗೆ ಬಾಗಿಲು ಇಟ್ಟರೆ ಟೆಸ್ಟ್‌ನಲ್ಲಿ ನಿಮ್ಮ ಅಲೊಕೇಟರನ್ನು ಕೂರಿಸಬಹುದು. ಎಷ್ಟು ಬ್ಲಾಕ್ ಹೋದವು, ಎಷ್ಟು ವಾಪಸ್ ಬಂದವು ಅಂತ ಅದು ಎಣಿಸುತ್ತದೆ. ಟೆಸ್ಟ್ ಶುರುವಾಗುವ ಮೊದಲು ಒಂದು ಎಣಿಕೆ, ಮುಗಿದ ಮೇಲೆ ಒಂದು ಎಣಿಕೆ. ಎರಡೂ ಒಂದೇ ಇರದಿದ್ದರೆ ಆ ಟೆಸ್ಟೇ ಫೇಲ್. ಯಾವ ಟೆಸ್ಟ್ ಅಂತ ಹುಡುಕುವ ಕೆಲಸವೇ ಇಲ್ಲ. ವೇಗಕ್ಕೂ ಹೆಚ್ಚು ಪೆಟ್ಟು ಬೀಳುವುದಿಲ್ಲ. ವಿಂಡೋಸ್ ಇರಲಿ, ಚಿಕ್ಕ ಎಂಬೆಡೆಡ್ ಬೋರ್ಡ್ ಇರಲಿ, ಎಲ್ಲ ಕಡೆ ನಡೆಯುತ್ತದೆ.

ಇನ್ನೊಂದು ಲಾಭ ಇದೆ, ಅದನ್ನು ಜನ ಗಮನಿಸುವುದು ಕಡಿಮೆ. ಒಂದು ಕ್ಯಾಶ್ ಬೆಳೆಯುತ್ತಲೇ ಹೋಗುತ್ತಿದೆ ಅಂದುಕೊಳ್ಳಿ. ಪ್ರತಿ ಬ್ಲಾಕ್‌ಗೂ ಪಾಯಿಂಟರ್ ಎಲ್ಲೋ ಒಂದು ಕಡೆ ಇದ್ದೇ ಇದೆ. ವ್ಯಾಲ್‌ಗ್ರಿಂಡ್ ಆಗಲಿ ಸ್ಯಾನಿಟೈಸರ್ ಆಗಲಿ ಇದನ್ನು ಲೀಕ್ ಅನ್ನುವುದಿಲ್ಲ, ಯಾಕಂದ್ರೆ ಅವುಗಳ ಲೆಕ್ಕದಲ್ಲಿ ಯಾರೂ ಕೈಬಿಡದ ಮೆಮೊರಿ ಲೀಕ್ ಅಲ್ಲ. ಆದರೆ ಬಳಸುವವರ ಪಾಲಿಗೆ ಎರಡೂ ಒಂದೇ. ನಿಮ್ಮ ಎಣಿಕೆ ಇದನ್ನು ಹಿಡಿಯುತ್ತದೆ.

ಈಗ ಮ್ಯಾಲಕ್ ಸೋಲುವ ವಿಷಯ. ಲಿನಕ್ಸ್ ಸಾಮಾನ್ಯವಾಗಿ ಕೈಲಿರುವುದಕ್ಕಿಂತ ಜಾಸ್ತಿ ಮೆಮೊರಿ ಕೊಡುತ್ತೇನೆ ಅಂತ ಒಪ್ಪಿಕೊಳ್ಳುತ್ತದೆ. ಹಾಗಾಗಿ ಡೆವಲಪರ್ ಯಂತ್ರದಲ್ಲಿ ಮ್ಯಾಲಕ್ ನಲ್ ಕೊಡುವುದು ಬಹಳ ಅಪರೂಪ. ಅಂದರೆ, ನಲ್ ಬಂದಾಗ ಏನು ಮಾಡಬೇಕು ಅಂತ ನೀವು ಬರೆದ ಕೋಡ್ ಒಮ್ಮೆಯೂ ಓಡಿರುವುದಿಲ್ಲ. ಮೆಮೊರಿಗೆ ಮಿತಿ ಹಾಕಿರುವ ಪ್ರೋಸೆಸ್‌ನಲ್ಲಿ, ಚಿಕ್ಕ ಸಾಧನಗಳಲ್ಲಿ, ಅದು ಮೊದಲ ಸಲ ಓಡುತ್ತದೆ. ಲೀಕ್‌ಗಳು ಹೆಚ್ಚಾಗಿ ಕೂತಿರುವುದು ಇಂಥ ಜಾಗದಲ್ಲೇ. ಮೂರು ಬ್ಲಾಕ್ ತೆಗೆದುಕೊಂಡಿರುತ್ತೀರಿ, ನಾಲ್ಕನೆಯದು ಸೋತಿತು, ತಪ್ಪಿನ ಕೋಡ್ ಹಿಂದಿರುಗಿಸಿದಿರಿ, ಆದರೆ ಮೊದಲ ಮೂರನ್ನು ಯಾರು ಫ್ರೀ ಮಾಡಬೇಕು?

ಇದನ್ನು ಟೆಸ್ಟ್ ಮಾಡುವ ಕ್ರಮ ಸರಳ. ಅಲೊಕೇಟರ್‌ಗೆ "ಮೊದಲನೇ ಕರೆಯಲ್ಲಿ ಸೋಲು" ಅಂತ ಹೇಳಿ ಕೆಲಸವನ್ನು ಓಡಿಸಿ. ಲೈಬ್ರರಿ ಸರಿಯಾದ ತಪ್ಪಿನ ಕೋಡ್ ಕೊಡಬೇಕು, ಕ್ರ್ಯಾಶ್ ಆಗಬಾರದು, ಎಣಿಕೆ ಮೊದಲಿದ್ದಲ್ಲಿಗೇ ಬರಬೇಕು. ಆಮೇಲೆ ಎರಡನೇ ಕರೆಯಲ್ಲಿ ಸೋಲಿಸಿ. ಆಮೇಲೆ ಮೂರನೆಯದು. ಒಂದೂ ಸೋಲದೆ ಕೆಲಸ ಪೂರ್ತಿ ಮುಗಿಯುವ ತನಕ ಹೀಗೇ. ಎಸ್‌ಕ್ಯೂಲೈಟ್ ತನ್ನ ಟೆಸ್ಟ್‌ಗಳಲ್ಲಿ ಇದನ್ನೇ ಮಾಡುತ್ತದೆ, ಅದೂ ಎರಡು ಬಗೆಯಲ್ಲಿ: ಒಮ್ಮೆ ಆ ಒಂದು ಕರೆ ಮಾತ್ರ ಸೋಲುವ ಹಾಗೆ, ಇನ್ನೊಮ್ಮೆ ಅಲ್ಲಿಂದ ಮುಂದಿನ ಎಲ್ಲವೂ ಸೋಲುವ ಹಾಗೆ. ಎರಡನೆಯದು ಯಾಕೆ ಬೇಕು ಅಂದರೆ, ತಪ್ಪನ್ನು ಸರಿಪಡಿಸುವ ಕೋಡ್ ಕೂಡ ಮತ್ತೆ ಮೆಮೊರಿ ಕೇಳಬಹುದು. ಡೇಟಾ ವರ್ಗಾಯಿಸುವ ಕರ್ಲ್ ಯೋಜನೆಯಲ್ಲೂ ಇಂಥದ್ದೇ ಟೆಸ್ಟ್ ಇದೆ, ಅವರು ಅದನ್ನು ಟಾರ್ಚರ್ ಟೆಸ್ಟ್ ಅಂತಲೇ ಕರೆಯುತ್ತಾರೆ.

ಇದಕ್ಕೂ ಬೆಲೆ ಇದೆ. ಒಂದು ಕೆಲಸ 40 ಸಲ ಮೆಮೊರಿ ಕೇಳಿದರೆ 41 ಸುತ್ತು ಓಡಬೇಕು. 4,000 ಸಲ ಕೇಳಿದರೆ 4,001 ಸುತ್ತು, ಮತ್ತು ಪ್ರತಿ ಸುತ್ತೂ ಹಿಂದಿನದಕ್ಕಿಂತ ಸ್ವಲ್ಪ ಉದ್ದ. ಒಟ್ಟು ಸಮಯ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಅದಕ್ಕೇ ಈ ಟೆಸ್ಟ್‌ಗೆ ಕೊಡುವ ಇನ್‌ಪುಟ್ ಚಿಕ್ಕದಿರಲಿ, ಆದರೆ ಎಲ್ಲ ಕವಲುಗಳನ್ನೂ ಮುಟ್ಟುವಂತಿರಲಿ.

ಬ್ಲಾಕ್‌ನ ಗಾತ್ರ ಬದಲಿಸುವ ರೀಅಲಾಕ್ ಮೇಲೆ ಒಂದು ಕಣ್ಣು ಬೇರೆಯಾಗಿ ಇಡಿ. ಅದು ಸೋತು ನಲ್ ಕೊಟ್ಟಾಗ ಹಳೆಯ ಬ್ಲಾಕ್ ಹಾಗೇ ಜೀವಂತ ಇರುತ್ತದೆ. ಉತ್ತರವನ್ನು ಹಳೆಯ ಪಾಯಿಂಟರ್ ಮೇಲೇ ಬರೆದುಕೊಂಡರೆ ಆ ಬ್ಲಾಕ್ ಕಳೆದುಹೋಯಿತು. ಇನ್ನೊಂದು, ರೀಅಲಾಕ್ ಎಷ್ಟೋ ಸಲ ಬ್ಲಾಕನ್ನು ಇದ್ದಲ್ಲೇ ಹಿಗ್ಗಿಸುತ್ತದೆ. ಹಾಗಾಗಿ ಹಳೆಯ ವಿಳಾಸ ಹಿಡಿದುಕೊಂಡ ಕೋಡ್ ಟೆಸ್ಟ್‌ನಲ್ಲಿ ಸುಮ್ನೆ ಪಾಸ್ ಆಗಿಬಿಡುತ್ತದೆ. ನಿಮ್ಮ ಟೆಸ್ಟ್ ಅಲೊಕೇಟರ್ ಪ್ರತಿ ರೀಅಲಾಕ್‌ಗೂ ಹೊಸ ಜಾಗ ಕೊಟ್ಟು, ಹಳೆಯದರಲ್ಲಿ ಕಸದ ಬೈಟ್ ತುಂಬಲಿ. ಅಡಗಿದ್ದ ತಪ್ಪು ಹೊರಗೆ ಬರುತ್ತದೆ.

ಇದರ ಮಿತಿ ಏನು? ಅಂಚು ದಾಟಿ ಓದಿದ್ದು ಇದಕ್ಕೆ ಕಾಣುವುದಿಲ್ಲ. ಬ್ಲಾಕ್‌ನ ಎರಡೂ ಬದಿ ಕಾವಲು ಬೈಟ್ ಇಟ್ಟರೆ ಅಂಚು ದಾಟಿ ಬರೆದದ್ದು ಗೊತ್ತಾಗಬಹುದು, ಅದೂ ಫ್ರೀ ಮಾಡುವಾಗ. ಬರೆದವರು ಯಾರು ಅಂತ ಗೊತ್ತಾಗುವುದಿಲ್ಲ. ಸ್ಟ್ಯಾಕ್ (ಫಂಕ್ಷನ್ ಓಡುವಾಗ ಮಾತ್ರ ಇರುವ ಮೆಮೊರಿ) ಮೇಲಿನ ಅರೇಗಳ ಬಗ್ಗೆ ಇದಕ್ಕೆ ಏನೂ ತಿಳಿಯದು. ಈಗಾಗಲೇ ಬೆಳೆದು ನಿಂತ ಲೈಬ್ರರಿಯಲ್ಲಿ ಎಲ್ಲ ಮ್ಯಾಲಕ್ ಕರೆಗಳನ್ನೂ ಬದಲಿಸುವುದು ದೊಡ್ಡ ಕೆಲಸ. ಆಗ ಲಿಂಕರ್‌ನ ರ‍್ಯಾಪ್ ಆಯ್ಕೆ ಬಳಸಿ ಕರೆಗಳನ್ನು ನಿಮ್ಮ ಫಂಕ್ಷನ್‌ಗೆ ತಿರುಗಿಸಬಹುದು. ಆದರೆ ಸಿ ಲೈಬ್ರರಿಯ ಒಳಗೇ ನಡೆಯುವ ಕರೆಗಳು, ಉದಾಹರಣೆಗೆ ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಡಪ್ ಒಳಗಿನ ಮ್ಯಾಲಕ್, ಅದಕ್ಕೆ ಸಿಗುವುದಿಲ್ಲ. ಅದರಲ್ಲೊಂದು ತೊಡಕಿದೆ. ಮೆಮೊರಿ ಕೊಟ್ಟದ್ದು ಲೆಕ್ಕಕ್ಕೆ ಬರಲಿಲ್ಲ, ಆದರೆ ಅದನ್ನು ನಿಮ್ಮ ಕೋಡ್ ಫ್ರೀ ಮಾಡಿದ್ದು ಬಂತು. ಎಣಿಕೆ ತಪ್ಪುತ್ತದೆ. ಸ್ಟ್ರ್‌ಡಪ್ ಅನ್ನೂ ಹಾಗೇ ತಿರುಗಿಸಿದರೆ ಸರಿಹೋಗುತ್ತದೆ.

ಟೆಸ್ಟ್ ಫ್ರೇಮ್‌ವರ್ಕ್‌ನೊಳಗೇ ಇರುವ ಪತ್ತೆ

ಇದೆಲ್ಲ ಬರೆಯಲು ಸಮಯ ಇಲ್ಲದವರಿಗೆ ಅರ್ಧ ದಾರಿ ತಯಾರಾಗಿಯೇ ಸಿಗುತ್ತದೆ. ಸಿಪಿಪಿಯುಟೆಸ್ಟ್ ಪ್ರತಿ ಟೆಸ್ಟ್‌ನ ಕೊನೆಗೆ ಲೀಕ್ ಇದೆಯೇ ಅಂತ ತಾನೇ ನೋಡುತ್ತದೆ. ಸಿಮೋಕಾದಲ್ಲಿ ಮ್ಯಾಲಕ್ ಮತ್ತು ಫ್ರೀಗಳ ಟೆಸ್ಟ್ ರೂಪಗಳಿವೆ. ಯೂನಿಟಿ ಫ್ರೇಮ್‌ವರ್ಕ್‌ನ ಹೆಚ್ಚುವರಿ ಭಾಗಗಳಲ್ಲಿ ಇಷ್ಟು ಕರೆಗಳ ನಂತರ ಮ್ಯಾಲಕ್ ಸೋಲಲಿ ಅಂತ ಹೇಳುವ ಸೌಲಭ್ಯವೂ ಇದೆ. ಇವು ಹೆಚ್ಚಾಗಿ ಮ್ಯಾಕ್ರೋ ಮೂಲಕ ಮ್ಯಾಲಕ್ ಹೆಸರನ್ನು ಬದಲಿಸುತ್ತವೆ. ಆದ್ದರಿಂದ ಟೆಸ್ಟ್ ಮಾಡಬೇಕಾದ ಫೈಲನ್ನೂ ಆ ಮ್ಯಾಕ್ರೋಗಳ ಜೊತೆಯೇ ಕಂಪೈಲ್ ಮಾಡಬೇಕು. ಟೆಸ್ಟ್ ಫೈಲ್‌ಗೆ ಮಾತ್ರ ಹಾಕಿದರೆ ಲೈಬ್ರರಿ ಒಳಗಿನದು ಏನೂ ಕಾಣುವುದಿಲ್ಲ.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋದ ಡೀಬಗ್ ಹೀಪ್ ಇದೆ. ಹೀಪ್ ಅಂದರೆ ಮ್ಯಾಲಕ್ ಮೆಮೊರಿ ತೆಗೆದುಕೊಡುವ ಜಾಗ. ಟೆಸ್ಟ್‌ಗೆ ಮೊದಲು ಮತ್ತು ನಂತರ ಹೀಪ್‌ನ ಸ್ಥಿತಿಯನ್ನು ಹಿಡಿದಿಟ್ಟು, ಎರಡರ ವ್ಯತ್ಯಾಸ ಕೇಳಬಹುದು. ಹೊಸ ಬ್ಲಾಕ್, ಫ್ರೀ ಆದ ಬ್ಲಾಕ್, ಅಂಚಿನ ಕಾವಲು, ಮೂರಕ್ಕೂ ಬೇರೆ ಬೇರೆ ಗುರುತಿನ ಬೈಟ್ ತುಂಬುತ್ತದೆ. ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಸಿಗುತ್ತದೆ ಅನ್ನುವುದು ನೆನಪಿರಲಿ.

ಅಡ್ರೆಸ್ ಸ್ಯಾನಿಟೈಸರ್

ಇದನ್ನು ಏಸ್ಯಾನ್ ಅಂತ ಕರೆಯುತ್ತಾರೆ. ಗೂಗಲ್‌ನಲ್ಲಿ ಹುಟ್ಟಿದ್ದು. 2012ರಲ್ಲಿ ಇದರ ಪ್ರಬಂಧ ಬಂತು. ಕ್ಲ್ಯಾಂಗ್ 3.1 ಮತ್ತು ಜಿಸಿಸಿ 4.8ರಿಂದ ಕಂಪೈಲರ್ ಜೊತೆಗೇ ಬರುತ್ತದೆ. ಕಂಪೈಲ್ ಮತ್ತು ಲಿಂಕ್ ಎರಡೂ ಹಂತಕ್ಕೆ ಒಂದು ಫ್ಲ್ಯಾಗ್ ಕೊಟ್ಟರೆ ಆಯಿತು, ಟೆಸ್ಟ್ ಕೋಡ್ ಬದಲಿಸಬೇಕಿಲ್ಲ.

ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ನೆರಳು ಮೆಮೊರಿ ಇಟ್ಟು, ಯಾವ ಬೈಟ್ ಮುಟ್ಟಬಹುದು ಯಾವುದು ಕೂಡದು ಅಂತ ಅದರಲ್ಲಿ ಬರೆದುಕೊಳ್ಳುತ್ತದೆ. ಪ್ರತಿ ಓದು ಮತ್ತು ಬರಹಕ್ಕೆ ಮೊದಲು ಕಂಪೈಲರ್ ಒಂದು ಪರೀಕ್ಷೆ ಸೇರಿಸುತ್ತದೆ. ಬ್ಲಾಕ್‌ಗಳ ಸುತ್ತ ಮುಟ್ಟಬಾರದ ಅಂಚು ಇಡುತ್ತದೆ. ಫ್ರೀ ಆದ ಬ್ಲಾಕನ್ನು ಕೂಡಲೇ ಮತ್ತೆ ಹಂಚದೆ ಸ್ವಲ್ಪ ಕಾಲ ಬೇರೆ ಇಡುತ್ತದೆ, ಅದನ್ನು ಮುಟ್ಟಿದವರು ಸಿಕ್ಕಿಬೀಳಲಿ ಅಂತ. ಹೀಪ್ ಅಷ್ಟೇ ಅಲ್ಲ, ಸ್ಟ್ಯಾಕ್ ಮತ್ತು ಗ್ಲೋಬಲ್ ಅರೇಗಳ ಅಂಚನ್ನೂ ನೋಡುತ್ತದೆ. ಇಷ್ಟೆಲ್ಲ ಮಾಡಿಯೂ ಟೆಸ್ಟ್ ಸಾಮಾನ್ಯವಾಗಿ ಎರಡು ಪಟ್ಟು ನಿಧಾನ, ಅಷ್ಟೇ. ಪ್ರತಿ ಕಮಿಟ್‌ಗೂ ಓಡಿಸಬಹುದು. ನನ್ನ ದೃಷ್ಟಿಯಲ್ಲಿ ಹಾಕುವ ಶ್ರಮಕ್ಕೆ ಸಿಗುವ ಫಲ ಇದರಲ್ಲೇ ಅತಿ ಹೆಚ್ಚು.

ಲಿನಕ್ಸ್‌ನ 64 ಬಿಟ್ ಇಂಟೆಲ್ ಬಗೆಯ ಯಂತ್ರಗಳಲ್ಲಿ ಇದರ ಜೊತೆ ಲೀಕ್ ಸ್ಯಾನಿಟೈಸರ್ ತಾನಾಗಿಯೇ ಆನ್ ಆಗಿರುತ್ತದೆ. ಪ್ರೋಗ್ರಾಮ್ ಮುಗಿಯುವಾಗ ಅದು ಲೀಕ್ ಹುಡುಕುತ್ತದೆ. ಇಲ್ಲೇ ಒಂದು ಕೊರತೆ ಇದೆ. 500 ಟೆಸ್ಟ್ ಒಂದೇ ಪ್ರೋಸೆಸ್‌ನಲ್ಲಿ ಓಡಿದರೆ, ವರದಿ ಕೊನೆಗೆ ಒಟ್ಟಿಗೆ ಬರುತ್ತದೆ. ಮೆಮೊರಿ ಕೇಳಿದ ಜಾಗದ ಸ್ಟ್ಯಾಕ್ ಟ್ರೇಸ್ ಇರುತ್ತದೆ, ಅದರಿಂದ ಟೆಸ್ಟ್ ಹುಡುಕಬಹುದು. ಆದರೆ ಪ್ರತಿ ಟೆಸ್ಟನ್ನೂ ಬೇರೆ ಪ್ರೋಸೆಸ್ ಆಗಿ ಓಡಿಸಿದರೆ ತಲೆನೋವೇ ಇರುವುದಿಲ್ಲ. ಇನ್ನೊಂದು ಕಾರಣಕ್ಕೂ ಹಾಗೆ ಮಾಡುವುದು ಒಳ್ಳೆಯದು: ಏಸ್ಯಾನ್ ಮೊದಲ ತಪ್ಪು ಸಿಕ್ಕ ಕೂಡಲೇ ಪ್ರೋಸೆಸ್ ನಿಲ್ಲಿಸುತ್ತದೆ, ಉಳಿದ ಟೆಸ್ಟ್‌ಗಳು ಓಡುವುದೇ ಇಲ್ಲ.

ಹಾಕುವ ಮೊದಲು ತಿಳಿದಿರಬೇಕಾದ ಕೆಲವು ವಿಷಯಗಳಿವೆ. ತುಂಬ ದೊಡ್ಡ ಗಾತ್ರ ಕೇಳಿದಾಗ ಲೈಬ್ರರಿ ತಪ್ಪಿನ ಕೋಡ್ ಕೊಡುತ್ತದೆಯೇ ಅಂತ ನೋಡುವ ಟೆಸ್ಟ್ ನಿಮ್ಮಲ್ಲಿದ್ದರೆ, ಏಸ್ಯಾನ್ ಅಡಿಯಲ್ಲಿ ಅದು ಸಾಯುತ್ತದೆ. ಡಿಫಾಲ್ಟ್ ಆಗಿ ಏಸ್ಯಾನ್ ಅಂಥ ಕರೆಗೆ ನಲ್ ಕೊಡುವ ಬದಲು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ನಲ್ ಕೊಡಲಿ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ವರ್ಚುವಲ್ ಮೆಮೊರಿಗೆ ಮಿತಿ ಹಾಕಿದ ಶೆಲ್‌ನಲ್ಲಿ ಇದು ಶುರುವಾಗುವುದೇ ಇಲ್ಲ, ಯಾಕಂದ್ರೆ ನೆರಳು ಮೆಮೊರಿಗೆ ಟೆರಾಬೈಟ್ ಲೆಕ್ಕದಲ್ಲಿ ವಿಳಾಸಗಳನ್ನು ಕಾದಿರಿಸುತ್ತದೆ. ಡೀಬಗರ್ ಒಳಗೆ ಓಡಿಸಿದರೆ ಲೀಕ್ ಹುಡುಕುವ ಭಾಗ ಕೆಲಸ ಮಾಡುವುದಿಲ್ಲ. ವಿಷುಯಲ್ ಸ್ಟುಡಿಯೋ 2019ರ 16.9 ಆವೃತ್ತಿಯಿಂದ ವಿಂಡೋಸ್‌ನಲ್ಲೂ ಏಸ್ಯಾನ್ ಇದೆ, ಆದರೆ ಅಲ್ಲಿ ಲೀಕ್ ಪತ್ತೆ ಇಲ್ಲ. ಹಾಗಾಗಿ ವಿಂಡೋಸ್‌ನವರು ಅಂಚು ದಾಟುವ ತಪ್ಪುಗಳಿಗೆ ಏಸ್ಯಾನ್ ಇಟ್ಟುಕೊಂಡು, ಲೀಕ್‌ಗೆ ಡೀಬಗ್ ಹೀಪ್ ಅಥವಾ ಸ್ವಂತ ಅಲೊಕೇಟರ್ ನೆಚ್ಚಬೇಕು.

ಏಸ್ಯಾನ್ ನೋಡದ ಮುಖ್ಯ ವಿಷಯ, ಬೆಲೆ ತುಂಬದ ಮೆಮೊರಿಯನ್ನು ಓದುವುದು. ಅದಕ್ಕೆ ಮೆಮೊರಿ ಸ್ಯಾನಿಟೈಸರ್ ಅನ್ನುವ ಇನ್ನೊಂದು ಸಾಧನ ಇದೆ, ಕ್ಲ್ಯಾಂಗ್‌ನಲ್ಲಿ ಸಿಗುತ್ತದೆ. ಒಳ್ಳೆಯದೇ. ಆದರೆ ನಿಮ್ಮ ಕೋಡ್ ಬಳಸುವ ಪ್ರತಿ ಲೈಬ್ರರಿಯನ್ನೂ, ಸಿ ಪ್ಲಸ್ ಪ್ಲಸ್‌ನ ಸ್ಟ್ಯಾಂಡರ್ಡ್ ಲೈಬ್ರರಿಯನ್ನೂ ಸೇರಿಸಿ, ಅದೇ ಫ್ಲ್ಯಾಗ್‌ನಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಸುಳ್ಳು ದೂರುಗಳ ರಾಶಿ ಬೀಳುತ್ತದೆ. ಯಾವ ಅವಲಂಬನೆಯೂ ಇಲ್ಲದ ಚಿಕ್ಕ ಸಿ ಲೈಬ್ರರಿಗೆ ಖಂಡಿತ ಹಾಕಿ. ಉಳಿದವರು ಇದೇ ಕೆಲಸಕ್ಕೆ ವ್ಯಾಲ್‌ಗ್ರಿಂಡ್ ಬಳಸುವುದೇ ಸುಲಭ.

ವ್ಯಾಲ್‌ಗ್ರಿಂಡ್

2002ರಿಂದ ಇದೆ. ಇದರ ಮೆಮ್‌ಚೆಕ್ ಅನ್ನುವ ಭಾಗವೇ ನಮಗೆ ಬೇಕಾದದ್ದು. ಇದರ ದೊಡ್ಡ ಗುಣ, ಮತ್ತೆ ಕಂಪೈಲ್ ಮಾಡಬೇಕಿಲ್ಲ ಅನ್ನುವುದು. ಪ್ರೋಗ್ರಾಮನ್ನು ತನ್ನೊಳಗೆ ಇಟ್ಟುಕೊಂಡು ಒಂದೊಂದೇ ಸೂಚನೆಯನ್ನು ಪರೀಕ್ಷಿಸುತ್ತಾ ಓಡಿಸುತ್ತದೆ. ಸೋರ್ಸ್ ಇಲ್ಲದ ಬೈನರಿ ಲೈಬ್ರರಿ ಒಳಗಿನ ತಪ್ಪೂ ಕಾಣುತ್ತದೆ. ಬೆಲೆ ತುಂಬದ ಮೆಮೊರಿ ಮೇಲೆ ತೀರ್ಮಾನ ತೆಗೆದುಕೊಳ್ಳುವ ಕೋಡನ್ನೂ ಹಿಡಿಯುತ್ತದೆ.

ಇದಕ್ಕೆ ಕೊಡುವ ಬೆಲೆ ವೇಗ. ಪ್ರೋಗ್ರಾಮ್ 10ರಿಂದ 50 ಪಟ್ಟು ನಿಧಾನವಾಗಬಹುದು. ಒಂದು ನಿಮಿಷದ ಟೆಸ್ಟ್‌ಗೆ ಅರ್ಧ ಗಂಟೆ ಆಗುವುದು ಅಸಹಜವೇನಲ್ಲ. ಅದಕ್ಕೇ ಇದನ್ನು ಪ್ರತಿ ಕಮಿಟ್‌ಗೆ ಬೇಡ, ರಾತ್ರಿ ಹೊತ್ತಿನ ಓಟಕ್ಕೆ ಇಡಿ. ಥ್ರೆಡ್‌ಗಳನ್ನು ಒಂದರ ನಂತರ ಒಂದರಂತೆ ಓಡಿಸುತ್ತದೆ, ಹಾಗಾಗಿ ಸಮಯದ ಮೇಲೆ ನಿಂತ ಟೆಸ್ಟ್‌ಗಳು ಇಲ್ಲಿ ಎಡವುತ್ತವೆ. ಸ್ಟ್ಯಾಕ್ ಮತ್ತು ಗ್ಲೋಬಲ್ ಅರೇಗಳ ಅಂಚು ದಾಟಿದ್ದನ್ನು ಮೆಮ್‌ಚೆಕ್ ಗುರುತಿಸುವುದಿಲ್ಲ. ಇಲ್ಲಿ ಏಸ್ಯಾನ್ ಮುಂದಿದೆ. ವಿಂಡೋಸ್‌ನಲ್ಲಿ ಇದು ಇಲ್ಲವೇ ಇಲ್ಲ. ಎರಡನ್ನೂ ಒಂದೇ ಓಟದಲ್ಲಿ ಸೇರಿಸಲೂ ಬರುವುದಿಲ್ಲ, ಏಸ್ಯಾನ್ ಹಾಕದ ಬೇರೆ ಬಿಲ್ಡ್ ಬೇಕು.

ಸಿಐನಲ್ಲಿ ವ್ಯಾಲ್‌ಗ್ರಿಂಡ್ ಇಟ್ಟಿದ್ದೇವೆ, ಯಾವಾಗಲೂ ಹಸಿರೇ (ಪಾಸ್) ಇದೆ ಅನ್ನುವವರು ಎರಡು ವಿಷಯ ನೋಡಿ. ತಪ್ಪು ಸಿಕ್ಕರೂ ವ್ಯಾಲ್‌ಗ್ರಿಂಡ್ ಡಿಫಾಲ್ಟ್ ಆಗಿ ನಿಮ್ಮ ಪ್ರೋಗ್ರಾಮ್‌ನ ಎಕ್ಸಿಟ್ ಕೋಡನ್ನೇ ಕೊಡುತ್ತದೆ. ತಪ್ಪಿಗೆ ಬೇರೆ ಎಕ್ಸಿಟ್ ಕೋಡ್ ಕೊಡು ಅಂತ ನೀವು ಹೇಳಬೇಕು, ಲೀಕ್ ಚೆಕ್ ಅನ್ನು ಫುಲ್ ಅಂತ ಇಡಬೇಕು. ಎರಡನೆಯದು, ಟೆಸ್ಟನ್ನು ಒಂದು ಶೆಲ್ ಸ್ಕ್ರಿಪ್ಟ್ ಶುರುಮಾಡುತ್ತಿದ್ದರೆ ವ್ಯಾಲ್‌ಗ್ರಿಂಡ್ ಪರೀಕ್ಷಿಸುತ್ತಿರುವುದು ಆ ಶೆಲ್ಲನ್ನೇ, ನಿಮ್ಮ ಟೆಸ್ಟನ್ನಲ್ಲ. ಮಕ್ಕಳ ಪ್ರೋಸೆಸ್‌ಗಳನ್ನೂ ಹಿಂಬಾಲಿಸು ಅನ್ನುವ ಆಯ್ಕೆ ಬೇಕು.

ವರದಿಯಲ್ಲಿ ಲೀಕ್ ನಾಲ್ಕು ಬಗೆಯಲ್ಲಿ ಬರುತ್ತದೆ. ಖಚಿತವಾಗಿ ಕಳೆದದ್ದು, ಅದರ ಮೂಲಕ ಕಳೆದದ್ದು, ಕಳೆದಿರಬಹುದಾದದ್ದು, ಇನ್ನೂ ತಲುಪಬಹುದಾದದ್ದು. ಖಚಿತವಾದದ್ದನ್ನು ಮೊದಲು ಸರಿಮಾಡಿ, ಮೂಲಕ ಕಳೆದದ್ದು ಎಷ್ಟೋ ಸಲ ಜೊತೆಗೇ ಮಾಯವಾಗುತ್ತದೆ.

ಪೂಲ್ ಅಲೊಕೇಟರ್ ಇದ್ದರೆ ಲೆಕ್ಕ ಬದಲಾಗುತ್ತದೆ

ವೇಗಕ್ಕಾಗಿ ಎಷ್ಟೋ ಲೈಬ್ರರಿಗಳು ದೊಡ್ಡ ಬ್ಲಾಕ್ ತೆಗೆದುಕೊಂಡು ಒಳಗೆ ತಾವೇ ಹಂಚಿಕೊಳ್ಳುತ್ತವೆ. ಇದಕ್ಕೆ ಪೂಲ್ ಅಂತಾರೆ. ಆಗ ಏಸ್ಯಾನ್ ಮತ್ತು ವ್ಯಾಲ್‌ಗ್ರಿಂಡ್ ಎರಡೂ ಕುರುಡಾಗುತ್ತವೆ. ಅವುಗಳಿಗೆ ಕಾಣುವುದು ಒಂದೇ ದೊಡ್ಡ ಬ್ಲಾಕ್. ಒಳಗೆ ನೀವು ವಾಪಸ್ ಪಡೆದ ತುಂಡನ್ನು ಯಾರೋ ಓದಿದರೂ ಅದು ಅವುಗಳ ಲೆಕ್ಕದಲ್ಲಿ ಸರಿಯಾದ ಓದು. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ಲೋಪ ಹೊರಬಂದಾಗ, ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ಲೈಬ್ರರಿ ತನ್ನದೇ ಫ್ರೀ ಲಿಸ್ಟ್ ಇಟ್ಟುಕೊಂಡಿದ್ದ ವಿಷಯವೂ ಇದೇ ಕಾರಣಕ್ಕೆ ಚರ್ಚೆಗೆ ಬಂತು.

ಇದಕ್ಕೆ ಎರಡು ಪರಿಹಾರ. ಒಂದು, ಟೆಸ್ಟ್ ಬಿಲ್ಡ್‌ನಲ್ಲಿ ಪೂಲ್ ಆಫ್ ಮಾಡಿ, ಪ್ರತಿ ತುಂಡೂ ನೇರ ಮ್ಯಾಲಕ್‌ಗೆ ಹೋಗುವ ಹಾಗೆ ಸ್ವಿಚ್ ಇಡುವುದು. ಇದು ಸುಲಭ, ಆದರೆ ಪೂಲ್‌ನ ಸ್ವಂತ ಕೋಡ್ ಆಗ ಟೆಸ್ಟ್ ಆಗುವುದಿಲ್ಲ. ಇನ್ನೊಂದು, ಪೂಲ್ ಒಳಗಿಂದಲೇ ಸಾಧನಕ್ಕೆ ಸುದ್ದಿ ಕೊಡುವುದು. ಈ ಜಾಗ ಮುಟ್ಟಬಾರದು, ಈ ಜಾಗ ಮುಟ್ಟಬಹುದು ಅಂತ ಹೇಳಲು ಏಸ್ಯಾನ್‌ನಲ್ಲಿ ಪಾಯ್ಸನ್ ಮ್ಯಾಕ್ರೋಗಳಿವೆ, ವ್ಯಾಲ್‌ಗ್ರಿಂಡ್‌ನಲ್ಲಿ ಮೆಮ್‌ಪೂಲ್ ಮ್ಯಾಕ್ರೋಗಳಿವೆ. ಪೂಲ್ ಇರುವ ಲೈಬ್ರರಿಗೆ ಎರಡನ್ನೂ ಮಾಡಿ. ಶ್ರಮ ಸ್ವಲ್ಪ ಜಾಸ್ತಿ, ಆದರೆ ಇದಿಲ್ಲದೆ ಹಸಿರು ಬಣ್ಣಕ್ಕೆ ಅರ್ಥವೇ ಇಲ್ಲ.

ಸಾಧನ ಯಾವುದೇ ಇರಲಿ, ಟೆಸ್ಟ್‌ನಲ್ಲಿ ಇರಬೇಕಾದದ್ದು

ಏಸ್ಯಾನ್ ಆಗಲಿ ವ್ಯಾಲ್‌ಗ್ರಿಂಡ್ ಆಗಲಿ, ನಿಮ್ಮ ಟೆಸ್ಟ್ ನಡೆದ ದಾರಿಯನ್ನು ಮಾತ್ರ ನೋಡುತ್ತವೆ. ನಡೆಯದ ದಾರಿಯ ಬಗ್ಗೆ ಅವು ಏನೂ ಹೇಳುವುದಿಲ್ಲ. ಹಾಗಾಗಿ ಇವನ್ನು ಬೇಕೆಂದೇ ಬರೆಯಬೇಕು: ಕಟ್ಟಿದ ಕೂಡಲೇ ಏನೂ ಮಾಡದೆ ಕೆಡವುವ ಟೆಸ್ಟ್. ನಲ್ ಕೊಟ್ಟು ಕೆಡವುವ ಟೆಸ್ಟ್. ಅರ್ಧ ಪಾರ್ಸ್ ಆದ ಇನ್‌ಪುಟ್‌ನಲ್ಲಿ ತಪ್ಪು ಸಿಗುವ ಟೆಸ್ಟ್. ಒಂದೇ ಕೀಲಿಗೆ ಎರಡನೇ ಸಲ ಬೆಲೆ ಇಡುವ ಟೆಸ್ಟ್, ಯಾಕಂದ್ರೆ ಹಳೆಯ ಬೆಲೆ ಲೀಕ್ ಆಗುವುದು ಅಲ್ಲೇ.

ಮೆಮೊರಿ ಯಾರದ್ದು ಅನ್ನುವ ಒಪ್ಪಂದವನ್ನೂ ಟೆಸ್ಟ್ ಮಾಡಿ. ನಾವು ಸ್ಟ್ರಿಂಗ್ ನಕಲು ಇಟ್ಟುಕೊಳ್ಳುತ್ತೇವೆ ಅಂತ ಡಾಕ್ಯುಮೆಂಟೇಶನ್ ಹೇಳಿದರೆ, ಟೆಸ್ಟ್ ಹೀಪ್ ಮೇಲೆ ಸ್ಟ್ರಿಂಗ್ ಕಟ್ಟಿ, ಲೈಬ್ರರಿಗೆ ಕೊಟ್ಟು, ಕೂಡಲೇ ಅದನ್ನು ಫ್ರೀ ಮಾಡಿ, ಆಮೇಲೆ ಲೈಬ್ರರಿಯಿಂದ ಓದಬೇಕು. ನಕಲು ಮಾಡದೆ ಪಾಯಿಂಟರ್ ಇಟ್ಟುಕೊಂಡಿದ್ದರೆ ಏಸ್ಯಾನ್ ಆ ಸಾಲಿನಲ್ಲೇ ನಿಲ್ಲಿಸುತ್ತದೆ. ಟೆಸ್ಟ್‌ಗಳಲ್ಲಿ ಕೋಡ್‌ನೊಳಗೇ ಬರೆದ ಸ್ಟ್ರಿಂಗ್‌ಗಳನ್ನೇ ಬಳಸುತ್ತಾ ಹೋದರೆ ಈ ತಪ್ಪು ಎಂದಿಗೂ ಸಿಗುವುದಿಲ್ಲ, ಅವು ಪ್ರೋಗ್ರಾಮ್ ಇರುವ ತನಕ ಇರುತ್ತವೆ ಅಲ್ವಾ?

ನಿಮಗೆ ಯಾವುದು

ಒಬ್ಬರೇ ನಡೆಸುವ ಚಿಕ್ಕ ಯೋಜನೆ, ಸಮಯ ಕಡಿಮೆ, ಲಿನಕ್ಸ್ ಮೇಲೆ ಕೆಲಸ ಅಂದರೆ ಏಸ್ಯಾನ್ ಹಾಕಿ. ಒಂದು ಸಂಜೆಯ ಕೆಲಸ. ಬೇರೆ ಏನೂ ಆಗದಿದ್ದರೂ ಇದೊಂದು ಇರಲಿ.

ಬೇರೆಯವರು ಸರ್ವರ್‌ಗಳಲ್ಲಿ ಬಳಸುವ ಸಿ ಲೈಬ್ರರಿ ಆದರೆ ಏಸ್ಯಾನ್ ಜೊತೆ ಸ್ವಂತ ಅಲೊಕೇಟರ್ ಮತ್ತು ಮ್ಯಾಲಕ್ ಸೋಲಿಸುವ ಸುತ್ತು ಬೇಕು. ಲೈಬ್ರರಿ ಹೊಸದಾಗಿದ್ದರೆ ಅಲೊಕೇಟರ್ ಬಾಗಿಲನ್ನು ಮೊದಲ ದಿನವೇ ಇಡಿ, ಆಮೇಲೆ ಇಡುವುದು ಬಹಳ ಕಷ್ಟ. ರಾತ್ರಿ ವ್ಯಾಲ್‌ಗ್ರಿಂಡ್ ಓಡಲಿ.

ಎಂಬೆಡೆಡ್ ಬೋರ್ಡ್‌ಗೆ ಬರೆಯುವವರು ಲೈಬ್ರರಿಯನ್ನು ಮಾಮೂಲಿ ಕಂಪ್ಯೂಟರ್‌ನಲ್ಲೂ ಕಂಪೈಲ್ ಆಗುವಂತೆ ಇಟ್ಟುಕೊಂಡು, ಅಲ್ಲಿ ಏಸ್ಯಾನ್ ಓಡಿಸಲಿ. ಬೋರ್ಡ್ ಮೇಲೆ ಎಣಿಸುವ ಅಲೊಕೇಟರ್ ಸಾಕು. ಮೆಮೊರಿ ನಿಜವಾಗಿ ಮುಗಿಯುವುದು ನಿಮ್ಮಲ್ಲೇ, ಹಾಗಾಗಿ ಸೋಲಿಸುವ ಟೆಸ್ಟ್ ಬಿಡಲೇಬೇಡಿ.

ಸೋರ್ಸ್ ಇಲ್ಲದ ಲೈಬ್ರರಿಗೆ ಅಂಟಿಕೊಂಡ ಕೋಡ್ ನಿಮ್ಮದಾದರೆ ವ್ಯಾಲ್‌ಗ್ರಿಂಡ್ ಮೊದಲ ಆಯ್ಕೆ. ಅವರ ಕೋಡ್‌ನಿಂದ ಬರುವ ದೂರುಗಳನ್ನು ಸಪ್ರೆಶನ್ ಫೈಲ್‌ನಲ್ಲಿ ಅಡಗಿಸಬೇಕಾಗುತ್ತದೆ. ಪ್ರತಿ ನಮೂದಿಗೂ ಯಾಕೆ ಅಂತ ಒಂದು ಸಾಲು ಬರೆದಿಡಿ, ಮತ್ತು ನಮೂದು ಆದಷ್ಟು ಇಕ್ಕಟ್ಟಾಗಿರಲಿ. ಅಗಲವಾದ ನಮೂದು ನಿಮ್ಮ ಲೀಕನ್ನೂ ಮುಚ್ಚಿಬಿಡುತ್ತದೆ.

ಪೈಥಾನ್‌ಗಾಗಿ ಸಿಯಲ್ಲಿ ಬರೆದ ಮಾಡ್ಯೂಲ್ ಆದರೆ ರೆಫರೆನ್ಸ್ ಎಣಿಕೆಯೇ (ಒಂದು ವಸ್ತುವನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಅನ್ನುವ ಲೆಕ್ಕ) ಮುಖ್ಯ. ಪೈಥಾನ್‌ನ ಡೀಬಗ್ ಬಿಲ್ಡ್ ಒಟ್ಟು ರೆಫರೆನ್ಸ್ ಸಂಖ್ಯೆ ಹೇಳುತ್ತದೆ. ಅದೇ ಟೆಸ್ಟನ್ನು ಕೆಲವು ಸಲ ಓಡಿಸಿ, ಮೊದಲ ಸುತ್ತುಗಳನ್ನು ಬಿಟ್ಟು, ಆಮೇಲೂ ಸಂಖ್ಯೆ ಏರುತ್ತಿದೆಯೇ ನೋಡಿ. ಪೈಥಾನ್‌ಗೂ ತನ್ನದೇ ಚಿಕ್ಕ ವಸ್ತುಗಳ ಅಲೊಕೇಟರ್ ಇದೆ, ಏಸ್ಯಾನ್ ಓಡಿಸುವಾಗ ಅದನ್ನು ಬಿಟ್ಟು ನೇರ ಮ್ಯಾಲಕ್ ಬಳಸುವಂತೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೇಳಿ. ರಸ್ಟ್‌ನವರಿಗೆ ಅನ್‌ಸೇಫ್ ಭಾಗಗಳಿದ್ದರೆ (ಮೆಮೊರಿ ಸುರಕ್ಷತೆಯನ್ನು ಕಂಪೈಲರ್ ಪೂರ್ತಿ ನೋಡಿಕೊಳ್ಳದ ಕೋಡ್) ಮಿರಿ ಅನ್ನುವ ತಪ್ಪು ಹಿಡಿಯುವ ಸಾಧನ ಇದೆ. ನಿಧಾನ, ಸಿ ಕೋಡ್‌ಗೆ ಹೋಗುವ ಕರೆಗಳಲ್ಲಿ ಬಹುಪಾಲನ್ನು ಓಡಿಸಲಾರದು, ಆದರೆ ಅನ್‌ಸೇಫ್ ಕೋಡ್‌ನ ತಪ್ಪುಗಳಿಗೆ ತುಂಬ ಚುರುಕು.

ಯಾವುದನ್ನು ಆರಿಸಿದರೂ, ಹಾಕಿದ ದಿನವೇ ಒಂದು ಬೇರೆ ಬ್ರ್ಯಾಂಚ್‌ನಲ್ಲಿ ಬೇಕೆಂದೇ ಒಂದು ಲೀಕ್ ಸೇರಿಸಿ, ಸಿಐ ಕೆಂಪಾಗುತ್ತದೆಯೇ ನೋಡಿ. ಆ ಲೀಕನ್ನು ಬರೆಯುವಾಗಲೂ ಜಾಗ್ರತೆ ಬೇಕು. ಬಳಸದ ಮ್ಯಾಲಕ್ ಕರೆಯನ್ನು ಕಂಪೈಲರ್ ತೆಗೆದೇ ಹಾಕಬಹುದು, ಹಾಗಾಗಿ ಪಾಯಿಂಟರನ್ನು ವೊಲಟೈಲ್ ಮಾಡಿ, ಅದರ ಮೂಲಕ ಒಂದು ಬೈಟ್ ಬರೆಯಿರಿ. ಆಮೇಲೆ ಪಾಯಿಂಟರ್‌ಗೆ ನಲ್ ತುಂಬಿ. ಹಳೆಯ ವಿಳಾಸ ಸ್ಟ್ಯಾಕ್ ಮೇಲೆ ಉಳಿದಿದ್ದರೆ ಅದು ಇನ್ನೂ ತಲುಪಬಹುದಾದ ಮೆಮೊರಿ ಅಂತ ಸಾಧನ ಸುಮ್ಮನಿದ್ದುಬಿಡುತ್ತದೆ.